ಹುಣಸೆ ಬೀಜದ ಇನ್ನೂರು ಎಸೆತ

ಕಲ್ಲುಬಂಡೆಗಳ ಕುರುಚಲು ಕಾಡೊಂದರಲ್ಲಿ ಎರಡು ದೊಡ್ಡ ಗುಂಡುಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಅವುಗಳ ಬುಡದಲ್ಲಿ ಒಂದು ದೊಣೆ ಇತ್ತು. ಬಂಡೆಯ ಕುಳಿಯಲ್ಲಿ ನೀರು ತಾನಾಗಿ ನಿಲ್ಲುವ ಜಾಗಕ್ಕೆ ದೊಣೆ ಎನ್ನುತ್ತಾರೆ, ಮಕ್ಕಳೇ. ಸುಡುಬೇಸಿಗೆಯಲ್ಲೂ ಅದರ ನೀರು ಬತ್ತುತ್ತಿರಲಿಲ್ಲ. ಆದರೆ ದಾರಿ ಮಾತ್ರ ಇಕ್ಕಟ್ಟು. ಒಂದು ಸಂಸಾರ ಒಳಗೆ ಹೋದರೆ ಇನ್ನೊಂದು ಹೊರಗೆ ಕಾಯಬೇಕು.

ಮೊದಲು ಹೋಗಲು ಎಲ್ಲರಿಗೂ ಆಸೆ. ಕಾಡುಹಂದಿ ಕೋರಪ್ಪ ತನ್ನ ಹೆಂಡತಿ ಮಕ್ಕಳ ಜೊತೆ ಮೊದಲು ಹೋದರೆ ಕುಡಿದು ಸುಮ್ಮನೆ ಬರುತ್ತಿರಲಿಲ್ಲ. ತಂಪಾದ ನೀರಿನಲ್ಲಿ ಬಿದ್ದು ಹೊರಳಾಡಿ ಬರುತ್ತಿದ್ದ. ಆಮೇಲೆ ದೊಣೆಯಲ್ಲಿ ಉಳಿಯುತ್ತಿದ್ದದ್ದು ನೀರಲ್ಲ, ಕೆಸರು. ಗೌಜಲಹಕ್ಕಿ, ಮೊಲ, ಅಳಿಲು ಮೊದಲಾದ ಸಣ್ಣವರು ಮೊದಲು ಹೋದರೆ ಹಂದಿಗಳ ಸರದಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದು ನೀರು ಕಾದಿರುತ್ತಿತ್ತು. ಕಾದ ನೀರಿನಲ್ಲಿ ಹೊರಳಿದರೆ ಹಂದಿಗೆ ಯಾವ ಸುಖ?

ದಿನ ಬಿಟ್ಟು ದಿನ ಹೋಗಬಹುದಲ್ಲ ಎಂದು ನೀವು ಕೇಳುತ್ತೀರಿ. ಹಿಂದೊಮ್ಮೆ ಹಾಗೇ ಮಾಡಿದ್ದರು. ಚಿರತೆ ಎರಡೇ ವಾರದಲ್ಲಿ ಆ ಸರದಿಯನ್ನು ಕಲಿತುಬಿಟ್ಟಿತು. ಹಂದಿಗಳ ದಿನ ಮಲಗಿ, ಮೊಲಗಳ ದಿನ ಸರಿಯಾಗಿ ಹೊಂಚು ಹಾಕಿ ಕೂತಿತು. ಅವತ್ತಿನಿಂದ, ಯಾರು ಮೊದಲು ಎಂಬುದು ಯಾರಿಗೂ ಮುಂಚೆ ಗೊತ್ತಾಗಬಾರದು ಎಂದು ಎಲ್ಲರೂ ಕೂತು ತೀರ್ಮಾನಿಸಿದರು.

ಅದಕ್ಕೆ ಹುಣಸೆ ಬೀಜದ ಒಂದು ಹೋಳು ಸಾಕಾಯಿತು. ಹೋಳಿನ ಹೊರಮೈ ಕಪ್ಪು, ಒಳಮೈ ಬಿಳಿ. ದಿನಾ ಬೆಳಕು ಹರಿಯುತ್ತಿದ್ದಂತೆ ಮುಸುವ ಬಾಲಯ್ಯ ಅದನ್ನು ಎರಡೂ ಕೈಯಲ್ಲಿ ಕುಲುಕಿ ಹಾಸುಬಂಡೆಯ ಮೇಲೆ ಎಸೆಯಬೇಕು. ಕಪ್ಪು ಮೇಲೆ ಬಂದರೆ ಹಂದಿಗಳು ಮೊದಲು, ಬಿಳಿ ಮೇಲೆ ಬಂದರೆ ಸಣ್ಣವರು ಮೊದಲು.

"ಎರಡು ಮುಖ, ಎರಡು ಪಾಲು. ಇದಕ್ಕಿಂತ ನ್ಯಾಯ ಇನ್ನೇನು ಬೇಕು?" ಎನ್ನುತ್ತಿದ್ದ ಕೋರಪ್ಪ. ಎಲ್ಲರೂ ತಲೆಯಾಡಿಸುತ್ತಿದ್ದರು.

ಗೌಜಲಹಕ್ಕಿ ಚುಕ್ಕವ್ವನಿಗೆ ಆರು ಮರಿ. ಅವಳಿಗೆ ಹತ್ತರವರೆಗೆ ಎಣಿಕೆ ಬರುತ್ತಿತ್ತು. ಯಾರೂ ಕಲಿಸಿದ್ದಲ್ಲ. ಗೂಡಿನಲ್ಲಿ ಹತ್ತು ಮೊಟ್ಟೆ ಇಟ್ಟಾಗ, ಮೇಯಲು ಹೋಗಿ ಬಂದಾಗಲೆಲ್ಲ ಕೊಕ್ಕಿನಿಂದ ಮುಟ್ಟಿ ಮುಟ್ಟಿ ಎಣಿಸಿ ತಾನೇ ಕಲಿತದ್ದು. ಆ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಮರಿಗಳಲ್ಲಿ ಕೊನೆಯದಕ್ಕೆ ಸಾಸಿವೆ ಎಂದು ಹೆಸರು. ಅಷ್ಟೇ ಚಿಕ್ಕದು. ದೊಡ್ಡ ಮರಿಗಳು ಕೆಸರಿನಲ್ಲೂ ಕೊಕ್ಕಿಟ್ಟು ಹೇಗೋ ನೀರು ಹೀರುತ್ತಿದ್ದವು. ಸಾಸಿವೆ ಹೀರಿದರೆ ಕೆಸರು ಗಂಟಲಿಗೆ ಸಿಕ್ಕಿ ಕಕ್ಕಿಬಿಡುತ್ತಿತ್ತು. ತಿಳಿನೀರು ಸಿಕ್ಕ ದಿನ ಅದು ಓಡಾಡುತ್ತಿತ್ತು, ಇಲ್ಲದ ದಿನ ಪೊದೆಯ ಕೆಳಗೆ ರೆಕ್ಕೆ ಇಳಿಬಿಟ್ಟು ಮಲಗುತ್ತಿತ್ತು.

ಆ ಬೇಸಿಗೆಯಲ್ಲಿ ಒಮ್ಮೆ ನಾಲ್ಕು ದಿನ ಸಾಲಾಗಿ ಕಪ್ಪೇ ಬಂತು.

ನಾಲ್ಕನೆಯ ಬೆಳಿಗ್ಗೆ ಚುಕ್ಕವ್ವ ತಡೆಯಲಾರದೆ ಹಾಸುಬಂಡೆಯ ಮೇಲೆ ಹಾರಿ ನಿಂತಳು.

"ಮೋಸ! ಬಾಲಯ್ಯನ ಕೈಯಲ್ಲೇ ಏನೋ ಚಳಕ ಇದೆ. ನಾಲ್ಕಕ್ಕೆ ನಾಲ್ಕೂ ಕಪ್ಪು ಬರೋದುಂಟಾ? ಹಂದಿಗಳು ಇವನಿಗೆ ಗೆಡ್ಡೆ ತಂದುಕೊಟ್ಟಿರಬೇಕು!"

ಎಲ್ಲರೂ ದಂಗಾದರು. ಬಾಲಯ್ಯನ ಕಪ್ಪು ಮುಖ ಇನ್ನೂ ಕಪ್ಪಾಯಿತು.

"ಗೆಡ್ಡೆ? ನನಗೆ?" ಎಂದ. "ಏಳು ವರ್ಷದಿಂದ ಎಸೀತಿದ್ದೀನಿ, ಚುಕ್ಕವ್ವ. ಇವತ್ತಿನವರೆಗೂ ಒಬ್ಬರೂ ಬೆರಳು ತೋರಿಸಿಲ್ಲ."

ಕೋರಪ್ಪ ಕೋರೆಹಲ್ಲು ಬಿಟ್ಟು ನಕ್ಕ. "ಜಗಳ ಯಾಕೆ ತಂಗಿ? ಎಲ್ಲರ ಕಣ್ಣೆದುರಿಗೇ ಹತ್ತು ಸಲ ಎಸೆಯಲಿ. ನೀನೇ ಎಣಿಸು. ನಿನಗೆ ಹತ್ತರವರೆಗೆ ಬರುತ್ತಲ್ಲ!"

ಬಾಲಯ್ಯ ಎಸೆದ. ಬಿಳಿ. ಮತ್ತೆ ಬಿಳಿ. ಕಪ್ಪು. ಬಿಳಿ. ಹೀಗೆ ಹತ್ತು ಸಲ ಎಸೆದಾಗ ಕಪ್ಪು ಬಂದದ್ದು ನಾಲ್ಕೇ ಸಲ, ಬಿಳಿ ಆರು ಸಲ.

ಮೊಲಗಳು ನಗದೆ ಇರಲು ಮೂಗು ಹಿಡಿದುಕೊಂಡವು. ಹಂದಿಮರಿಗಳು ಹಿಡಿದುಕೊಳ್ಳಲಿಲ್ಲ, ನೆಲಕ್ಕೆ ಬಿದ್ದು ನಕ್ಕವು.

"ನೋಡಿದೆಯಾ?" ಎಂದ ಕೋರಪ್ಪ. "ಬಿಳಿಯೇ ಜಾಸ್ತಿ. ಹೇಳೋದಾದರೆ ಮೋಸ ಹೋಗ್ತಿರೋನು ನಾನು!"

ಬಾಲಯ್ಯ ನಗಲಿಲ್ಲ. ಬೀಜವನ್ನು ಎತ್ತಿಕೊಂಡು ಹುಣಸೆ ಮರ ಹತ್ತಿ, ಎಲ್ಲರಿಗೂ ಬೆನ್ನು ಮಾಡಿ ಕೂತ.

ಚುಕ್ಕವ್ವ ಮರಿಗಳನ್ನು ಕರೆದುಕೊಂಡು ಪೊದೆ ಸೇರಿದಳು. ಕತ್ತು ಮೇಲೆತ್ತಲು ಅವಳಿಗೆ ಆಗಲಿಲ್ಲ.

ಆ ಪೊದೆಯ ಪಕ್ಕದಲ್ಲೇ ನಕ್ಷತ್ರ ಆಮೆಯೊಂದು ಇತ್ತು. ಎಲ್ಲರೂ ಅವಳನ್ನು ಚಿಪ್ಪಜ್ಜಿ ಎನ್ನುತ್ತಿದ್ದರು. ಅಜ್ಜಿ ನಿಧಾನ ಎಂದರೆ ನಿಧಾನ. ಬೆಳಿಗ್ಗೆ ನಡೆದ ಜಗಳಕ್ಕೆ ಅವಳು ಬಂದು ಮುಟ್ಟಿದ್ದು ಮಧ್ಯಾಹ್ನ.

"ಏನಂತೆ?" ಎಂದು ಕೇಳಿದಳು.

ಚುಕ್ಕವ್ವ ಎಲ್ಲವನ್ನೂ ಹೇಳಿದಳು. ಅಜ್ಜಿ ಬಾಯಲ್ಲಿದ್ದ ಪಾಪಾಸುಕಳ್ಳಿ ಹಣ್ಣನ್ನು ನುಂಗದೆ ಕೇಳಿಸಿಕೊಂಡಳು.

"ನಾಲ್ಕು ಸಲ ನೋಡಿ ನೀನು ಕೂಗಿದೆ. ಹತ್ತು ಸಲ ನೋಡಿ ಅವರು ನಕ್ಕರು," ಎಂದಳು. "ಇಬ್ಬರದೂ ಒಂದೇ ಅವಸರ."

"ಮತ್ತೆ ಎಷ್ಟು ಸಲ ನೋಡಬೇಕಿತ್ತು?"

"ನನಗೇನು ಗೊತ್ತು? ನಾನು ಈ ಹುಣಸೆ ಮರದ ಬುಡಕ್ಕೆ ಒಂದು ಸುತ್ತು ಹಾಕೋದ್ರೊಳಗೆ ಹತ್ತು ಎಸೆತ ಮುಗಿದುಹೋಗುತ್ತೆ. ಅಷ್ಟರಲ್ಲಿ ಏನು ತಿಳಿಯುತ್ತೆ ಮಗಳೇ? ನೂರು ಸಲ ನೋಡು. ಆಮೇಲೆ ಇನ್ನೊಂದು ನೂರು ನೋಡು. ಎರಡು ನೂರೂ ಒಂದೇ ಮಾತು ಹೇಳಿದರೆ ಆಗ ನಂಬು."

ಅಷ್ಟು ಹೇಳಿ ಅಜ್ಜಿ ಬಾಯಲ್ಲಿದ್ದ ಹಣ್ಣನ್ನು ಸಾಸಿವೆಯ ಮುಂದೆ ಇಟ್ಟಳು. "ತಿನ್ನು ಕೂಸೇ. ಇದರಲ್ಲಿ ಎರಡು ಹನಿ ನೀರಿದೆ. ಮುಳ್ಳು ನಾನೇ ಬಿಡಿಸಿದ್ದೀನಿ."

ಅದು ಅಜ್ಜಿಯ ಆ ದಿನದ ಊಟ. ಚುಕ್ಕವ್ವ ಮರಿ ಹಣ್ಣು ಕುಕ್ಕುವುದನ್ನೇ ನೋಡಿದಳು.

ಆದರೆ ನೂರು ಸಲ ಎಸೆಯುವವರು ಯಾರು? "ಬೀಜ ತಂದು ನಾನೇ ಕೊಕ್ಕಿನಲ್ಲಿ ಎಸೀತೀನಿ," ಎಂದಳು ಚುಕ್ಕವ್ವ.

"ನಿನ್ನ ಎಸೆತ ಬೇರೆ, ಅವನ ಎಸೆತ ಬೇರೆ," ಎಂದಳು ಅಜ್ಜಿ. "ದಿನಾ ಬೆಳಿಗ್ಗೆ ಯಾರ ಕೈಯಿಂದ, ಯಾವ ಬಂಡೆ ಮೇಲೆ ಬೀಳುತ್ತೋ ಅದೇ ಥರ ಬೀಳಬೇಕು. ಇಲ್ಲದಿದ್ದರೆ ನೀನು ಎಣಿಸೋದು ಇನ್ಯಾವುದೋ ಕತೆ ಆಗುತ್ತೆ."

ಅಂದರೆ ಬಾಲಯ್ಯನೇ ಬರಬೇಕು. ಅಂದರೆ ಚುಕ್ಕವ್ವ ಹೋಗಿ ಕೇಳಬೇಕು.

ಮಕ್ಕಳೇ, ನೂರು ಸಲ ಎಣಿಸುವುದು ಕಷ್ಟವಲ್ಲ. ಆ ಹುಣಸೆ ಮರದವರೆಗೆ ನಡೆಯುವುದಿತ್ತಲ್ಲ, ಅದು ಕಷ್ಟ. ಇಪ್ಪತ್ತು ಹೆಜ್ಜೆಯ ದಾರಿಗೆ ಚುಕ್ಕವ್ವ ಮೂರು ಸಲ ಹೊರಟು ಮೂರು ಸಲ ತಿರುಗಿ ಬಂದಳು. ನಾಲ್ಕನೆಯ ಸಲ ಸಾಸಿವೆಯ ಬಿರುಕು ಬಿಟ್ಟ ಕೊಕ್ಕನ್ನು ನೋಡಿ, ತಿರುಗಿ ನೋಡದೆ ಹೋದಳು.

ಮರದ ಮೇಲಿಂದ ಬಾಲಯ್ಯನ ಬಾಲವೊಂದೇ ಇಳಿಬಿದ್ದಿತ್ತು. ಅದು ಅಲುಗಾಡುತ್ತಿರಲಿಲ್ಲ.

"ಬಾಲಯ್ಯಣ್ಣ, ತಪ್ಪು ನನ್ನದು," ಎಂದಳು ಚುಕ್ಕವ್ವ.

ಆಮೇಲೆ ಮೇಲಿನಿಂದ ದನಿ ಬಂತು: "ಏನೆಂದೆ? ಕೇಳಿಸಲಿಲ್ಲ."

"ಕೇಳಿಸಿದೆ ನಿನಗೆ."

"ಇನ್ನೊಂದು ಸಲ ಹೇಳಿದರೆ ಕೊಕ್ಕೇನು ಉದುರಿಹೋಗುತ್ತಾ?"

"ತಪ್ಪು ನನ್ನದು! ನಾಲ್ಕೇ ಸಲ ನೋಡಿ ನಿನ್ನ ಮೇಲೆ ದೂರು ಹೊರಿಸಿದೆ. ಆದರೆ ಅಣ್ಣ, ನನ್ನ ಮರಿಗೆ ತಿಳಿನೀರು ಸಿಗ್ತಿಲ್ಲ ಅನ್ನೋದೂ ನಿಜ. ತಪ್ಪು ನಿನ್ನದಲ್ಲ ಅಂದಮೇಲೆ ಬೀಜದ್ದೋ, ನಮ್ಮ ಹಣೆಬರಹದ್ದೋ ಗೊತ್ತಾಗಬೇಕು. ನೂರು ಸಲ ಎಸೆದುಕೊಡ್ತೀಯಾ?"

ಬಾಲ ಮೊದಲು ಒಂದು ಸುತ್ತು ಸುತ್ತಿಕೊಂಡಿತು. ಆಮೇಲೆ ಬಾಲಯ್ಯನ ಮುಖ ಕಾಣಿಸಿತು.

"ಬೀಜದ್ದೇ ತಪ್ಪು ಅಂತಾದರೆ, ನನ್ನ ಕೈಯದ್ದಲ್ಲ ಅಂತ ಎಲ್ಲರ ಮುಂದೆ ಹೇಳ್ತೀಯಾ?"

"ಎಲ್ಲರಿಗಿಂತ ಮೊದಲು ಹೇಳ್ತೀನಿ."

ಬಾಲಯ್ಯ ಇಳಿದು ಬಂದ.

ಮೊಲಗಳು ಕರಿಕಲ್ಲುಗಳನ್ನೂ ಒಣಗಿದ ಬಸವನಹುಳುವಿನ ಬಿಳಿ ಚಿಪ್ಪುಗಳನ್ನೂ ರಾಶಿ ಹಾಕಿದವು. ಕಪ್ಪು ಬಂದರೆ ಒಂದು ಕರಿಕಲ್ಲು ಇಡುವುದು, ಬಿಳಿ ಬಂದರೆ ಒಂದು ಚಿಪ್ಪು ಇಡುವುದು. ಚುಕ್ಕವ್ವನಿಗೆ ಬರುತ್ತಿದ್ದದ್ದು ಹತ್ತರವರೆಗೆ ಮಾತ್ರ. ಹಾಗಾಗಿ ಹತ್ತಾದ ಕೂಡಲೇ ಒಂದು ಸಾಲು ಮುಗಿಸಿ, ಕೆಳಗೆ ಇನ್ನೊಂದು ಸಾಲು ಶುರುಮಾಡಿದರಾಯಿತು ಎಂದುಕೊಂಡಳು. ಸಾಲು ಸರಿಯಿದೆಯೇ ಎಂದು ನೋಡುವುದು ಚಿಪ್ಪಜ್ಜಿಯ ಕೆಲಸ.

"ಬೆಳಿಗ್ಗೆ ಎಸೆದ ಹತ್ತನ್ನು ಮೊದಲ ಸಾಲಿನಲ್ಲಿಡು," ಎಂದಳು ಅಜ್ಜಿ.

"ಅದು ಬೇಡ ಅಜ್ಜಿ! ಅದರಲ್ಲಿ ಕಪ್ಪು ಬರೀ ನಾಲ್ಕು. ಹೊಸದಾಗಿ ಶುರುಮಾಡೋಣ."

"ನಿನಗೆ ಹಿಡಿಸದ ಹತ್ತನ್ನು ಬಿಟ್ಟು, ಹಿಡಿಸಿದ ಹತ್ತನ್ನು ಇಟ್ಟುಕೊಂಡರೆ ಅದನ್ನ ಎಣಿಕೆ ಅನ್ನೋಲ್ಲ ಮಗಳೇ. ಇಡು."

ಚುಕ್ಕವ್ವ ಮುಖ ಸಿಂಡರಿಸಿಕೊಂಡು ನಾಲ್ಕು ಕರಿಕಲ್ಲು, ಆರು ಬಿಳಿ ಚಿಪ್ಪು ಇಟ್ಟಳು.

ಬಾಲಯ್ಯ ಎಸೆಯತೊಡಗಿದ. ಎರಡನೆಯ ಸಾಲಿನಲ್ಲಿ ಎಂಟು ಕಪ್ಪು.

"ನಾನು ಹೇಳಲಿಲ್ವಾ!" ಎಂದು ಚುಕ್ಕವ್ವ ಹಾರಿದಳು.

"ಬಾಯಿ ಮುಚ್ಚು," ಎಂದಳು ಅಜ್ಜಿ.

ಮೂರನೆಯ ಸಾಲಿನಲ್ಲಿ ಐದು. ಚುಕ್ಕವ್ವನ ಪುಕ್ಕವೆಲ್ಲ ಇಳಿದುಹೋಯಿತು. ನಾಲ್ಕನೆಯದರಲ್ಲಿ ಒಂಬತ್ತು. ಮತ್ತೆ ಹಾರಿದಳು. ಐದನೆಯದರಲ್ಲಿ ಏಳು.

"ಅಯ್ಯೋ, ಇದೇನು ಅಜ್ಜಿ! ಒಂದು ಸಾಲು ಹಾಗನ್ನುತ್ತೆ, ಇನ್ನೊಂದು ಹೀಗನ್ನುತ್ತೆ. ಯಾವುದನ್ನು ನಂಬಲಿ?"

"ಯಾವ ಒಂದನ್ನೂ ನಂಬಬೇಡ. ಹಿಂದೆ ಸರಿದು ನಿಂತು ಎಲ್ಲವನ್ನೂ ಒಟ್ಟಿಗೆ ನೋಡು."

ಚುಕ್ಕವ್ವ ಹಿಂದೆ ಸರಿದು ಒಂದು ಸಣ್ಣ ಕಲ್ಲಿನ ಮೇಲೆ ಹತ್ತಿ ನೋಡಿದಳು. ಐದು ಸಾಲು, ಐವತ್ತು ಎಸೆತ. ಕಪ್ಪು ಮೂವತ್ತಮೂರು, ಬಿಳಿ ಹದಿನೇಳು. ಕರಿಕಲ್ಲಿನ ನಡುವೆ ಬಿಳಿ ಚಿಪ್ಪುಗಳು ಅಲ್ಲಲ್ಲಿ ಮಾತ್ರ ಕಾಣುತ್ತಿದ್ದವು. ಈ ಸಲ ಅವಳು ಹಾರಲಿಲ್ಲ. "ಎಸಿ ಅಣ್ಣ," ಎಂದಳು ಅಷ್ಟೇ.

ಎಂಬತ್ತಾಗುವಷ್ಟರಲ್ಲಿ ಬಾಲಯ್ಯನ ಮುಂಗೈ ಸೋತಿತು. ಚುಕ್ಕವ್ವ ಓಡಿಹೋಗಿ ಹುತ್ತ ಕೆದಕಿ ಒಂದು ಕೊಕ್ಕು ಗೆದ್ದಲು ತಂದು ಅವನ ಮುಂದೆ ಸುರಿದಳು.

"ತಗೋ ಅಣ್ಣ, ಶಕ್ತಿ ಬರುತ್ತೆ."

"ನಾನು ಗೆದ್ದಲು ತಿನ್ನೋನಲ್ಲ ಚುಕ್ಕವ್ವ."

"ಇಷ್ಟು ಒಳ್ಳೇ ಗೆದ್ದಲು!"

"ನಿನ್ನ ಮರಿಗಳಿಗೆ ಕೊಡು ತಾಯೀ. ನಾನು ಹೀಗೇ ಎಸೀತೀನಿ," ಎಂದ ಬಾಲಯ್ಯ. ಆ ದಿನ ಅವನ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು.

ಸಂಜೆಯ ಬೆಳಕಿರುವಾಗಲೇ ನೂರು ಮುಗಿಯಿತು. ಹತ್ತು ಸಾಲು. ಕಪ್ಪು ಅರವತ್ತೊಂಬತ್ತು.

ಮರುದಿನ ಬೆಳಿಗ್ಗೆ ಮತ್ತೆ ಕಪ್ಪೇ ಬಂತು. ಹಂದಿಗಳು ಹೊರಳಾಡಿ ಬಂದವು. ಸಾಸಿವೆ ಆ ದಿನ ಪೊದೆಯಿಂದ ಎದ್ದು ಬರಲೇ ಇಲ್ಲ. ಚಿಪ್ಪಜ್ಜಿ ಇನ್ನೊಂದು ಹಣ್ಣು ತಂದಿಟ್ಟಳು. ಮರಿ ಅರ್ಧ ಕುಕ್ಕಿ ಕಣ್ಣು ಮುಚ್ಚಿತು.

ಚುಕ್ಕವ್ವನಿಗೆ ಹಾಸುಬಂಡೆ ಹತ್ತಿ ಕೂಗಿಬಿಡಬೇಕು ಅನ್ನಿಸಿತು. ಕೂಗಲಿಲ್ಲ. ಕಾಲಲ್ಲಿ ನೆಲ ಕೆದರಿ ಜಾಗ ಚೊಕ್ಕಟ ಮಾಡಿ, ಎರಡನೆಯ ನೂರಕ್ಕೆ ಕಲ್ಲು ಜೋಡಿಸಲು ಕೂತಳು.

ಎರಡನೆಯ ನೂರರಲ್ಲಿ ಕಪ್ಪು ಎಪ್ಪತ್ತೊಂದು.

ಅರವತ್ತೊಂಬತ್ತು, ಎಪ್ಪತ್ತೊಂದು. ಮೂವರೂ ಹಿಂದೆ ಸರಿದು ನಿಂತು ನೋಡಿದರು. ಹತ್ತರ ಸಾಲುಗಳು ನಾಲ್ಕು, ಎಂಟು, ಐದು, ಒಂಬತ್ತು ಎಂದು ಕುಣಿದಿದ್ದವು. ನೂರರ ರಾಶಿಗಳು ಮಾತ್ರ ಒಂದರ ಪಕ್ಕ ಒಂದು ಅಲುಗಾಡದೆ ಕೂತಿದ್ದವು. ಇನ್ನೂರು ಎಸೆತಕ್ಕೆ ನೂರನಲವತ್ತು ಕಪ್ಪು. ಹತ್ತಕ್ಕೆ ಏಳು.

"ಯಾಕೆ ಹೀಗೆ?" ಎಂದು ಬಾಲಯ್ಯ ಬೀಜವನ್ನು ತಿರುಗಿಸಿ ತಿರುಗಿಸಿ ನೋಡಿದ.

ಅಜ್ಜಿ ಅದನ್ನು ಕಣ್ಣಿಗೆ ಹತ್ತಿರ ತಂದುಕೊಂಡಳು. "ಕಪ್ಪು ಕಡೆ ನನ್ನ ಬೆನ್ನಿನ ಹಾಗೆ ಉಬ್ಬಿದೆ. ಬಿಳಿ ಕಡೆ ನನ್ನ ಹೊಟ್ಟೆಯ ಹಾಗೆ ಚಪ್ಪಟೆ. ನಾನು ಬೆನ್ನಡಿಯಾಗಿ ಬಿದ್ದರೆ ಹಾಗೇ ಬಿದ್ದಿರ್ತೀನಾ? ಹೊರಳಿ ಹೊರಳಿ ಹೊಟ್ಟೆ ಕೆಳಗೆ ಮಾಡಿಕೊಳ್ತೀನಿ. ಇದೂ ಹಾಗೇ. ಮುಖ ಎರಡಿದ್ದ ಮಾತ್ರಕ್ಕೆ ಪಾಲು ಸಮ ಆಗೋಲ್ಲ."

ಮಾರನೆಯ ಬೆಳಿಗ್ಗೆ, ಬೀಜ ಎಸೆಯುವ ಮೊದಲೇ ಚುಕ್ಕವ್ವ ಹಾಸುಬಂಡೆ ಹತ್ತಿದಳು.

"ಮೊದಲು ಒಂದು ಮಾತು. ಬಾಲಯ್ಯಣ್ಣನ ಕೈಯಲ್ಲಿ ಯಾವ ಮೋಸವೂ ಇಲ್ಲ. ಇಲ್ಲದ್ದನ್ನು ಕೂಗಿದವಳು ನಾನು. ಇನ್ನು ಎರಡನೆಯ ಮಾತು. ಬೀಜದಲ್ಲಿ ಓರೆ ಇದೆ. ಬಂದು ನೋಡಿ."

ಎಲ್ಲರೂ ಇಪ್ಪತ್ತು ಸಾಲು ಕಲ್ಲುಗಳ ಸುತ್ತ ನಿಂತರು. ಕೋರಪ್ಪ ಮೂಗಿನಲ್ಲಿ ಒಂದು ಕಲ್ಲನ್ನು ತಳ್ಳಿ ನೋಡಿದ.

"ಇದೆಲ್ಲ ಆಗಿಹೋದದ್ದು ತಂಗಿ. ಇವತ್ತು ಏನು ಬೀಳುತ್ತೆ ಹೇಳು ನೋಡೋಣ?"

"ಇವತ್ತಿನದು ನನಗೆ ಗೊತ್ತಿಲ್ಲ," ಎಂದಳು ಚುಕ್ಕವ್ವ. "ಬಿಳಿಯೂ ಬೀಳಬಹುದು. ಆದರೆ ಮುಂದಿನ ಹುಣ್ಣಿಮೆಯವರೆಗೆ ಹತ್ತು ದಿನಕ್ಕೆ ಏಳು ದಿನದ ಹಾಗೆ ನೀವೇ ಮೊದಲು ಹೋಗ್ತೀರಿ ಅನ್ನೋದು ಗೊತ್ತು."

"ಬಿಡು ಬಿಡು. ಎರಡು ಮುಖ, ಎರಡು ಪಾಲು. ನನಗೆ ಎರಡೂ ಒಂದೇ."

ಚುಕ್ಕವ್ವ ಈ ಮಾತಿಗೇ ಕಾದಿದ್ದಳು.

"ಎರಡೂ ಒಂದೇನಾ ಅಣ್ಣ? ಹಾಗಾದರೆ ಇವತ್ತಿನಿಂದ ಬಿಳಿ ನಿನ್ನದಾಗಲಿ, ಕಪ್ಪು ನಮ್ಮದಾಗಲಿ. ಒಂದೇ ತಾನೇ?"

ಕೋರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಾಲಸಂದಿನಿಂದ ಒಂದು ಹಂದಿಮರಿ ಕೀರಲು ದನಿಯಲ್ಲಿ ಕೂಗಿತು: "ಬೇಡಪ್ಪಾ! ಕಪ್ಪೇ ಇರಲಿ! ಕಪ್ಪೇ ಜಾಸ್ತಿ ಬರೋದು!"

ಇಡೀ ಕಾಡು ನಕ್ಕಿತು. ಕೋರಪ್ಪನ ಕಿವಿಗಳು ಜೋತುಬಿದ್ದವು. ಮರಿಯನ್ನು ಗದರಲು ಹೋಗಿ, ಗದರದೆ ನಿಂತ. ಅವನು ಕೆಟ್ಟವನಲ್ಲ, ಮಕ್ಕಳೇ. ತಂಪುನೀರು ಸಿಕ್ಕ ದಿನಗಳನ್ನು ಯಾರು ಎಣಿಸಲು ಹೋಗುತ್ತಾರೆ?

"ಎಲ್ಲೋ ಒಳಗೆ ಗೊತ್ತಿತ್ತೇನೋ," ಎಂದ ಮೆಲ್ಲಗೆ. "ಅದೃಷ್ಟ ಅಂದುಕೊಂಡು ಸುಮ್ಮನಿದ್ದೆ. ಎಣಿಸದೆ ಇರೋದೇ ಸುಖವಾಗಿತ್ತು. ಇವತ್ತು ಬೀಜ ಬೇಡ. ನೀವು ಮೊದಲು ಹೋಗಿ."

ಚುಕ್ಕವ್ವ ಕತ್ತು ನೆಟ್ಟಗೆ ಮಾಡಿದಳು. "ನನಗೆ ಯಾರೂ ಬಿಟ್ಟುಕೊಡೋದು ಬೇಡ. ನನ್ನ ಪಾಲು..."

"ಚುಕ್ಕವ್ವ," ಎಂದಳು ಚಿಪ್ಪಜ್ಜಿ. "ಎಣಿಸೋದನ್ನು ನೀನೇ ಕಲಿತೆ. ಕೊಟ್ಟಾಗ ತಗೊಳ್ಳೋದನ್ನೂ ಕಲಿ. ಮರಿ ಕಾಯ್ತಿದೆ."

ಚುಕ್ಕವ್ವ ಕೋರಪ್ಪನತ್ತ ತಿರುಗಿ, "ದೊಡ್ಡ ಉಪಕಾರ ಆಯಿತು ಅಣ್ಣ," ಎಂದಳು. ಆಮೇಲೆ ಸಾಸಿವೆಯನ್ನು ರೆಕ್ಕೆಯಲ್ಲಿ ನೂಕುತ್ತ ನೂಕುತ್ತ ದೊಣೆಯ ಅಂಚಿಗೆ ಕರೆದೊಯ್ದಳು.

ನೀರು ಕನ್ನಡಿಯಂತಿತ್ತು. ಸಾಸಿವೆ ಒಂದು ಗುಟುಕು ಕುಡಿದು ಕತ್ತು ಮೇಲೆತ್ತಿತು. ಕಕ್ಕಲಿಲ್ಲ. ಇನ್ನೊಂದು ಗುಟುಕು. ಮತ್ತೊಂದು. ಆರನೆಯ ಗುಟುಕಿಗೆ ಕಣ್ಣು ಪೂರ್ತಿ ತೆರೆಯಿತು. ಹನ್ನೊಂದನೆಯದಕ್ಕೆ ಪಕ್ಕದ ಅಣ್ಣನ ಬೆನ್ನನ್ನು ಕುಕ್ಕಿ ಜಗಳ ತೆಗೆಯಿತು. ಆ ಜಗಳ ನೋಡಿ ಚುಕ್ಕವ್ವನಿಗೆ ಆದಷ್ಟು ಸಂತೋಷ ಆ ಕಾಡಿನಲ್ಲಿ ಯಾರಿಗೂ ಆಗಿರಲಿಕ್ಕಿಲ್ಲ.

ಸರಿ, ನಾಳೆಯಿಂದ ಏನು ಮಾಡುವುದು?

"ಪಕ್ಕ ಬದಲಿಸಿದರಾಯಿತು! ಇನ್ನುಮೇಲೆ ಕಪ್ಪು ನಮ್ಮದು!" ಎಂದವು ಮೊಲಗಳು.

ಚುಕ್ಕವ್ವ ಒಂದು ಗಳಿಗೆ ಯೋಚಿಸಿದಳು. ಹತ್ತಕ್ಕೆ ಏಳು ದಿನ ತಿಳಿನೀರು! ಆದರೆ ಅಲ್ಲಿ ಹಂದಿಮರಿಗಳೂ ನಿಂತಿದ್ದವು. ಬಿಸಿಲಿಗೆ ಅವುಗಳ ಬೆನ್ನಿನ ಚರ್ಮ ಕೆಂಪಗೆ ಬಿರುಕು ಬಿಟ್ಟಿತ್ತು.

"ಏಳು ನನಗೆ ಬೇಡ," ಎಂದಳು. "ಐದು ಸಾಕು. ಆದರೆ ಆ ಐದು ಮಾತ್ರ ಬೇಕೇ ಬೇಕು."

"ದಿನ ಬಿಟ್ಟು ದಿನ ಅಂದರೆ ಚಿರತೆ ಕಲಿತುಬಿಡುತ್ತೆ. ಈ ಬೀಜವೋ ಓರೆ," ಎಂದ ಕೋರಪ್ಪ. "ಇನ್ನೇನು ದಾರಿ?"

ಅಷ್ಟು ಹೊತ್ತೂ ಬೆರಳ ಸಂದಿನಲ್ಲಿ ಬೀಜ ತಿರುಗಿಸುತ್ತ ಕೂತಿದ್ದ ಬಾಲಯ್ಯ ತಲೆ ಎತ್ತಿದ. ಏಳು ವರ್ಷ ಎಸೆದವನಲ್ಲವೇ?

"ಒಂದು ಸಲದ ಬದಲು ಎರಡು ಸಲ ಎಸೀತೀನಿ," ಎಂದ. "ಮೊದಲು ಕಪ್ಪು, ಆಮೇಲೆ ಬಿಳಿ ಬಂದರೆ ಹಂದಿಗಳು. ಮೊದಲು ಬಿಳಿ, ಆಮೇಲೆ ಕಪ್ಪು ಬಂದರೆ ಸಣ್ಣವರು. ಎರಡೂ ಸಲ ಒಂದೇ ಬಂದರೆ ಅದು ಆಟಕ್ಕಿಲ್ಲ, ಮತ್ತೆ ಎರಡು ಸಲ ಎಸೀತೀನಿ."

"ಅದರಿಂದೇನಾಗುತ್ತೆ?" ಎಂದಿತು ಒಂದು ಮೊಲ.

"ನೋಡು, ಹಂದಿಗಳು ಗೆಲ್ಲೋದಕ್ಕೆ ಒಂದು ಕಪ್ಪು, ಒಂದು ಬಿಳಿ ಬೇಕು. ನೀವು ಗೆಲ್ಲೋದಕ್ಕೂ ಒಂದು ಕಪ್ಪು, ಒಂದು ಬಿಳಿ ಬೇಕು. ಯಾವುದು ಮೊದಲು ಅನ್ನೋದಷ್ಟೇ ಬೇರೆ. ಬೀಜ ಎಷ್ಟು ಓರೆಯಾದರೂ ಆ ಓರೆ ಇಬ್ಬರಿಗೂ ಸಮ."

ಎಲ್ಲರೂ ಚುಕ್ಕವ್ವನ ಮುಖ ನೋಡಿದರು. ಅವಳು ಬಾಲಯ್ಯನ ಮುಖ ನೋಡಿದಳು.

"ಕೇಳೋದಕ್ಕೆ ಸರಿ ಅನ್ನಿಸುತ್ತೆ ಅಣ್ಣ. ಆದರೆ..."

"ಗೊತ್ತು, ಗೊತ್ತು. ಎಣಿಸಬೇಕು," ಎಂದು ಬಾಲಯ್ಯ ಮುಂಗೈ ನೀವಿಕೊಂಡ. "ಗೆದ್ದಲು ಮಾತ್ರ ತರಬೇಡ."

ಮಧ್ಯಾಹ್ನವೆಲ್ಲ ಎಸೆದರು. ಈ ಸಲ ಕಲ್ಲು ಜೋಡಿಸಲು ಹಂದಿಮರಿಗಳೂ ಬಂದವು. ನೂರು ಜೋಡಿ ಎಸೆತದಲ್ಲಿ ಐವತ್ತೆಂಟು ಜೋಡಿ ಆಟಕ್ಕಿಲ್ಲದವು. ಉಳಿದ ನಲವತ್ತೆರಡರಲ್ಲಿ ಹಂದಿಗಳಿಗೆ ಇಪ್ಪತ್ತು, ಸಣ್ಣವರಿಗೆ ಇಪ್ಪತ್ತೆರಡು.

"ನಮಗೆ ಎರಡು ಜಾಸ್ತಿ!" ಎಂದು ಮೊಲಗಳು ಕುಣಿದವು.

"ಎರಡಕ್ಕೆಲ್ಲ ಕುಣಿಯಬೇಡಿ," ಎಂದಳು ಚುಕ್ಕವ್ವ. "ಇನ್ನೊಂದು ನೂರು ಎಸೆದರೆ ಅದು ಅತ್ತ ಹೋಗಬಹುದು. ಇದು ಸಮವೇ."

ಚಿಪ್ಪಜ್ಜಿ ಅವಳನ್ನು ನೋಡಿ, ಕತ್ತನ್ನು ಚಿಪ್ಪಿನೊಳಗೆ ಎಳೆದುಕೊಂಡು ನಕ್ಕಳು.

ಮರುದಿನ ಬೆಳಿಗ್ಗೆ ಹೊಸ ಪದ್ಧತಿಯ ಮೊದಲ ಎಸೆತ. ಮೊದಲು ಕಪ್ಪು ಬಂತು. ಆಮೇಲೆ ಬಿಳಿ.

ಹಂದಿಗಳ ಪಾಲು!

ಕೋರಪ್ಪ ಗಾಬರಿಯಿಂದ ಚುಕ್ಕವ್ವನ ಕಡೆ ನೋಡಿದ. ಈಗ ಬಂಡೆ ಹತ್ತಿ ಕೂಗುತ್ತಾಳೆ ಎಂದುಕೊಂಡ. ಚುಕ್ಕವ್ವ ಒಂದು ಕರಿಕಲ್ಲನ್ನು ಕೊಕ್ಕಿನಲ್ಲಿ ತಂದು ಸಾಲಿಗಿಟ್ಟು, "ಹೋಗಿ ಬಾ ಅಣ್ಣ. ಮಕ್ಕಳ ಬೆನ್ನು ತಂಪಾಗಲಿ," ಎಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಮರಿಗಳಿಗೆ ಅವತ್ತು ನೀರು ತಿಳಿಯಾಗಿ ಸಿಗಲಿಲ್ಲ. ಆದರೆ ಸಾಸಿವೆಗೆ ಹಿಂದಿನ ದಿನದ ಬಲವಿತ್ತು, ಚಿಪ್ಪಜ್ಜಿಯ ಹಣ್ಣಿತ್ತು. ಈ ಸಲ ಕೋರಪ್ಪ ತನ್ನ ಸಂಸಾರವನ್ನು ಆಚೆ ದಡದಲ್ಲೇ ಹೊರಳಿಸಿದ್ದನೆಂದು ಕಾಣುತ್ತದೆ. ಈಚೆ ಮೂಲೆಯ ನೀರು ಅಷ್ಟೇನೂ ಕದಡಿರಲಿಲ್ಲ.

ಅದರ ಮರುದಿನ ಬಿಳಿ ಬಂತು, ಆಮೇಲೆ ಕಪ್ಪು. ಗೌಜಲಹಕ್ಕಿಗಳು ಸಾಲಾಗಿ ದೊಣೆಗೆ ಇಳಿದವು. ಹಕ್ಕಿಗಳು ನೀರು ಕುಡಿಯುವುದನ್ನು ನೀವು ನೋಡಿರಬೇಕು. ಒಂದೊಂದು ಗುಟುಕಿಗೂ ಕತ್ತು ಮೇಲೆತ್ತುತ್ತವೆ. ಚುಕ್ಕವ್ವ ಅವತ್ತು ಮೊದಲ ಗುಟುಕಿಗೆ ಕತ್ತೆತ್ತಿ ಹುಣಸೆ ಮರದ ಕಡೆ ನೋಡಿದಳು. ಎರಡನೆಯದಕ್ಕೆ ಚಿಪ್ಪಜ್ಜಿಯ ಕಡೆ. ಮೂರನೆಯದಕ್ಕೆ, ದಾರಿಯ ಹೊರಗೆ ಬಿಸಿಲಲ್ಲಿ ಕಾಯುತ್ತ ನಿಂತಿದ್ದ ಕೋರಪ್ಪನ ಕಡೆ.

"ನನ್ನನ್ನು ಯಾಕೆ ಹಾಗೆ ನೋಡ್ತೀಯಾ ತಂಗಿ? ನಾನೇನು ಮಾಡಿದೆ?" ಎಂದ ಕೋರಪ್ಪ.

"ಹತ್ತು ಸಲ ಎಸೆಯಿಸಿ ಎಲ್ಲರ ಮುಂದೆ ನನ್ನನ್ನು ನಗೆಪಾಟಲು ಮಾಡಿದೆಯಲ್ಲ ಅಣ್ಣ. ಅವತ್ತು ನೀನು ನಗದಿದ್ದರೆ ನಾನು ನಾಲ್ಕಕ್ಕೇ ನಿಂತುಬಿಡ್ತಿದ್ದೆ. ಇನ್ನೂರರವರೆಗೆ ಬರ್ತಿರಲಿಲ್ಲ."

ಇಂದಿಗೂ ಅವಳು ದಿನಾ ಬೆಳಿಗ್ಗೆ ಒಂದು ಕಲ್ಲನ್ನೋ ಚಿಪ್ಪನ್ನೋ ಸಾಲಿಗಿಡುತ್ತಾಳಂತೆ. "ಸಮ ಅಂತ ಗೊತ್ತಾಯಿತಲ್ಲ ಅವ್ವಾ, ಇನ್ನೂ ಯಾಕೆ?" ಎಂದು ಸಾಸಿವೆ ಕೇಳಿದರೆ, "ಇವತ್ತು ಯಾರ ಸರದಿ ಬಂದರೂ ಆ ಮೂವರು ನೆನಪಾಗ್ತಾರೆ ಮಗಳೇ, ಅದಕ್ಕೆ," ಎನ್ನುತ್ತಾಳಂತೆ.

ನೀವು ನನ್ನ ಮಾತನ್ನು ಸುಮ್ಮನೆ ನಂಬಬೇಡಿ. ಮನೆಯಲ್ಲಿ ಹುಣಸೆ ಬೀಜ ಇದ್ದೇ ಇರುತ್ತದೆ. ಒಂದನ್ನು ಹೋಳು ಮಾಡಿ ನೆಲದ ಮೇಲೆ ನೂರು ಸಲ ಎಸೆದು ನೋಡಿ. ನಿಮ್ಮ ಬೀಜ ಚುಕ್ಕವ್ವನ ಬೀಜದ ಹಾಗೇ ಬೀಳಬೇಕಾಗಿಲ್ಲ. ಅದು ಹೇಗೆ ಬೀಳುತ್ತದೆ ಎಂದು ಅದನ್ನೇ ಕೇಳಿ.

ನೀತಿ: ನಾಲ್ಕು ಸಲ ಕಂಡದ್ದಕ್ಕೆ ಯಾರ ಮೇಲೂ ದೂರು ಹೊರಿಸಬೇಡಿ, ಹತ್ತು ಸಲ ಕಂಡದ್ದಕ್ಕೆ ಯಾರನ್ನೂ ನೋಡಿ ನಗಬೇಡಿ, ಹಿಡಿಸದ್ದನ್ನೂ ಬಿಡದೆ ನೂರಾರು ಸಲ ಎಣಿಸಿ ನೋಡಿ, ಎಣಿಸುವಾಗ ಜೊತೆಗೆ ನಿಂತವರನ್ನು ಮರೆಯಬೇಡಿ.